ಹಸಿರನ್ನು ನಂಬದ ಹೆಸ್ಟರ್ ಟ್ರಾನ್ಮರ್

ಕೈಗೆ ಬಂದ ಯಾವ ವಸ್ತುವನ್ನೂ ಹೆಸ್ಟರ್ ಟ್ರಾನ್ಮರ್ ಮೊದಲು ತೂಗದೆ ಸ್ವೀಕರಿಸಿದ್ದನ್ನು ನಾನು ಕಂಡಿಲ್ಲ. ಸಭೆಯಲ್ಲಿ ಬಿಸ್ಕತ್ತಿನ ತಟ್ಟೆ ಮುಂದೆ ಬಂದರೆ ಒಂದನ್ನು ಎತ್ತಿ ಬಲ ಅಂಗೈಯ ನಡುವೆ ಇಟ್ಟುಕೊಂಡು, ಕೈಯನ್ನು ಕಂಡೂ ಕಾಣದಷ್ಟು ಮೇಲೆ ಕೆಳಗೆ ಆಡಿಸಿ, ತುಟಿಯೊಳಗೇ ಏನೋ ಅಂದುಕೊಂಡು, ಅನಂತರವೇ ಬಾಯಿಗಿಡುತ್ತಿದ್ದರು. ಚರ್ಚಿನಲ್ಲಿ ಹೆಸರಿಡುವ ದಿನ ಯಾವುದಾದರೂ ತಾಯಿ ತನ್ನ ಕೂಸನ್ನು ಅವರ ಕೈಗೆ ಕೊಟ್ಟರೆ, 'ಮುದ್ದಾಗಿದೆ' ಎನ್ನುವುದಕ್ಕೆ ಮೊದಲು 'ಹನ್ನೊಂದೂಕಾಲು ಪೌಂಡು' ಎನ್ನುತ್ತಿದ್ದರು. ತಾಯಿ ಅಚ್ಚರಿಯಿಂದ ಹೌದೆಂದರೆ, ಹೌದೆಂದವಳ ಮುಖವನ್ನೂ ಒಮ್ಮೆ ಸಂಶಯದಿಂದ ನೋಡುತ್ತಿದ್ದರು. ನಾನು ಬರೆದು ತಂದ ಸಭೆಯ ನಡಾವಳಿಯನ್ನು ಮೊದಲ ಸಲ ಅವರ ಕೈಗಿಟ್ಟಾಗಲೂ ಅದೇ ಆಯಿತು. ಕಾಗದದ ಕಟ್ಟನ್ನು ಅಂಗೈಯಲ್ಲಿ ಆಡಿಸಿ, 'ಹೋದ ಸಲ ನಿಮ್ಮವರು ಕಳಿಸಿದ್ದಕ್ಕಿಂತ ಹಗುರಾಗಿದೆಯಲ್ಲಪ್ಪ. ಏನು ಬಿಟ್ಟಿದ್ದೀಯ?' ಎಂದರು. ನಾನು ನಿಜವಾಗಿಯೂ ಒಂದು ಜಗಳವನ್ನು ಬಿಟ್ಟಿದ್ದೆ.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಸ್ಕೆಲ್‌ಬಿ ಬಂದರಿನ ಮೀನಿನ ಕಟ್ಟೆಯಿಂದ ಹಿಡಿದು ಬೆಟ್ಟದ ಮೇಲಿನ ಕಲ್ಲಿದ್ದಲಿನ ಅಂಗಡಿಯವರೆಗೆ ಅವರು ಮುಟ್ಟದ ತಕ್ಕಡಿಯಿರಲಿಲ್ಲ. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಅಷ್ಟು ವರ್ಷ ಬಲಗೈಯಲ್ಲೇ ಹೊತ್ತು ಬಲ ಹೆಗಲು ಇಳಿದು, ಎಡ ಹೆಗಲು ಏರಿ, ನಿವೃತ್ತಿಯ ಅನಂತರವೂ ನಡಿಗೆಯಲ್ಲಿ ಆ ಪೆಟ್ಟಿಗೆ ಹಾಗೆಯೇ ಉಳಿದುಕೊಂಡಿತ್ತು. ದೂರದಿಂದ ನೋಡಿದವರಿಗೆ ಕಾಣದ ಬಕೆಟ್ಟೊಂದನ್ನು ಹೊತ್ತು ಬರುತ್ತಿದ್ದಾರೆ ಎನಿಸುತ್ತಿತ್ತು. ಕಡುಹಸಿರು ಮಳೆಕೋಟು ಒಂದಿತ್ತು. ಅದರ ಒಳಜೇಬನ್ನು ಸಣ್ಣದೊಂದು ಕೈತಕ್ಕಡಿ ಹಿಡಿಯುವಂತೆ ಅವರೇ ಹೊಲಿದುಕೊಂಡಿದ್ದರು. ಆ ತಕ್ಕಡಿಯನ್ನು ಇಲಾಖೆಗೆ ಹಿಂದಿರುಗಿಸಿದರೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ.

ಅವರ ಕೆಲಸದ ಕ್ರಮ ಸರಳವಾದದ್ದು. ಅಂಗಡಿಯವನನ್ನು ಏನೂ ಕೇಳುತ್ತಿರಲಿಲ್ಲ. ಎಲ್ಲರಂತೆ ಸಾಲಿನಲ್ಲಿ ನಿಂತು, ಎಲ್ಲರಂತೆ ಆಲೂಗಡ್ಡೆ ಕೊಂಡು, ಬೀದಿಯ ತಿರುವಿನಲ್ಲಿ ನಿಂತು ತೂಗಿ ನೋಡಿ, ಅನಂತರ ಹಿಂದಿರುಗಿ ತಮ್ಮ ಗುರುತಿನ ಚೀಟಿ ತೋರಿಸುತ್ತಿದ್ದರು. 'ತಕ್ಕಡಿ ಸರಿಯಾಗಿದೆಯಾ ಅಂತ ಅಂಗಡಿಯವನ್ನೇ ಕೇಳೋದು, ಕೋಳಿ ಎಷ್ಟಿವೆ ಅಂತ ನರೀನ ಕೇಳಿದ ಹಾಗೆ' ಎಂಬುದು ಅವರ ಮಾತು. ತೂಕ ಸರಿಯಾಗಿದ್ದರೆ ಮಾತ್ರ, ಮತ್ತು ಅದು ನಿಜವಾಗಿ ಸರಿಯಾಗಿದ್ದರೆ ಮಾತ್ರ, 'ಸರಿ ತೂಕ' ಎಂಬ ಎರಡು ಪದಗಳನ್ನು ದಾನ ಮಾಡುತ್ತಿದ್ದರು. ಊರಿನ ಕಟುಕನೊಬ್ಬ ಆ ಎರಡು ಪದಗಳನ್ನು ಬೋರ್ಡಿನಲ್ಲಿ ಬರೆಸಿ ಹಾಕಿಕೊಂಡಿದ್ದನಂತೆ. ಅದನ್ನು ಕಂಡ ಹೆಸ್ಟರ್ ಮರುದಿನವೇ ಮತ್ತೊಮ್ಮೆ ಹೋಗಿ ಮಾಂಸ ಕೊಂಡರಂತೆ.

ಇಂಥವರು ನಮ್ಮ ವಯಸ್ಕರ ಸಂರಕ್ಷಣಾ ಮಂಡಳಿಗೆ ಬಂದದ್ದು ಸಿರಿಲ್ ನಟ್‌ಬೀಮ್ ಎಂಬ ಮನುಷ್ಯ ಸತ್ತದ್ದರಿಂದ. ನಾನು ಆ ಮಂಡಳಿಯ ನಡಾವಳಿ ಬರೆಯುವವನು. ಪೌರಸಭೆ, ಪೊಲೀಸು, ಆಸ್ಪತ್ರೆ, ಬಾಡಿಗೆ ಮನೆಗಳ ಸಂಘ ಎಲ್ಲವೂ ಒಂದೇ ಮೇಜಿನ ಸುತ್ತ ಕುಳಿತು, ತಮ್ಮನ್ನು ತಾವು ನೋಡಿಕೊಳ್ಳಲಾರದ ಜನರನ್ನು ಹೇಗೆ ಕಾಯಬೇಕೆಂದು ಚರ್ಚಿಸುವ ಜಾಗ ಅದು. ಸಿರಿಲ್ ಎಪ್ಪತ್ತೊಂದು ವರ್ಷದವರು, ಬಲೆ ಹೆಣೆಯುವ ಕೆಲಸದಿಂದ ನಿವೃತ್ತರು, ಕಾಲಿನಲ್ಲಿ ಮಾಯದ ಹುಣ್ಣು, ಮನೆಯ ತುಂಬ ಹಳೆಯ ಪತ್ರಿಕೆ. ನರ್ಸ್ ಎರಡು ಸಲ ಬಂದು ಬಾಗಿಲು ತೆರೆಯದ್ದಕ್ಕೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದರು. ಪೌರಸಭೆ ಮೂರು ಪತ್ರ ಬರೆಯಿತು: ಹದಿನಾಲ್ಕು ದಿನದೊಳಗೆ ಉತ್ತರ ಬರದಿದ್ದರೆ ತಮಗೆ ನೆರವು ಬೇಡವೆಂದು ಭಾವಿಸಿ ಕಡತ ಮುಚ್ಚಲಾಗುವುದು. ಮೂರು ಪತ್ರಗಳೂ ಬಾಗಿಲ ಹಿಂದೆ ಒಡೆಯದೆ ಬಿದ್ದಿದ್ದವು. ಸಿರಿಲ್ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತೆಂಬುದು ಆಸ್ಪತ್ರೆಗೆ ಗೊತ್ತಿತ್ತು, ಪೌರಸಭೆಗೆ ಗೊತ್ತಿರಲಿಲ್ಲ.

ಅವರ ಮನೆಯಿಂದ ಎರಡು ಬಾಗಿಲು ಆಚೆ ಹೆಸ್ಟರ್ ಇದ್ದರು. ಅದನ್ನು ಅವರು ಮುಚ್ಚಿಡಲಿಲ್ಲ. ಮಂಡಳಿಗೆ ಜನರ ಪರವಾಗಿ ಒಬ್ಬ ಸದಸ್ಯರು ಬೇಕೆಂದು ಪ್ರಕಟಣೆ ಹೊರಟಾಗ ಅರ್ಜಿಯ ಮೊದಲ ಸಾಲಿನಲ್ಲೇ ಎಲ್ಲವನ್ನೂ ಬರೆದಿದ್ದರು: ಸಿರಿಲ್ ಬಾಗಿಲನ್ನು ತಾವು ಒಮ್ಮೆ ತಟ್ಟಿದ್ದು, ಒಳಗಿನಿಂದ 'ನಾನು ಚೆನ್ನಾಗಿದ್ದೀನಿ ಕಣಮ್ಮ' ಎಂಬ ದನಿ ಬಂದದ್ದು, ಆದರೂ ಪೌರಸಭೆಗೆ ಫೋನು ಮಾಡಿದ್ದು, ಅಲ್ಲಿನವರು 'ನಮ್ಮವರು ನೋಡಿದ್ದಾರೆ' ಎಂದದ್ದು, ತಾವು ಅದನ್ನು ನಂಬಿ ಫೋನು ಇಟ್ಟದ್ದು. ಹತ್ತೊಂಬತ್ತು ದಿನದ ಅನಂತರ ಪೊಲೀಸರು ಬಾಗಿಲು ಒಡೆದರು. ಕಾಲು ಕಿಲೋ ಆಲೂಗಡ್ಡೆಯ ವಿಷಯದಲ್ಲಿ ಜೀವಮಾನವಿಡೀ ಯಾರನ್ನೂ ನಂಬದ ಹೆಂಗಸು, ಒಬ್ಬ ಮನುಷ್ಯನ ವಿಷಯದಲ್ಲಿ ಎರಡು ದನಿಗಳನ್ನು ನಂಬಿದ್ದರು. ಬಸ್ ನಿಲ್ದಾಣದಲ್ಲಿ ಒಂದು ಸಲ ನನ್ನ ಮುಖ ನೋಡದೆ ಹೇಳಿದರು: 'ಆ ಫೋನಲ್ಲಿ ನಾನು ಒಂದೇ ಒಂದು ಮಾತು ಕೇಳ್ಬೇಕಿತ್ತು ಕಣಪ್ಪ. ಯಾರು ನೋಡಿದ್ರು, ಅಂತ. ಕೇಳ್ಲಿಲ್ಲ.'

ಅಂದಿನಿಂದ ಅವರು ಅದನ್ನು ಕೇಳುವುದನ್ನು ಬಿಡಲಿಲ್ಲ. ಸಿರಿಲ್ ಸಾವಿನ ಪರಾಮರ್ಶೆ ಅರವತ್ತನಾಲ್ಕು ಪುಟದ ವರದಿಯಾಗಿ ಬಂದು, ಅದರಲ್ಲಿ ಒಂಬತ್ತು ಶಿಫಾರಸುಗಳಿದ್ದು, ಒಂದೊಂದಕ್ಕೂ ಒಂದೊಂದು ಇಲಾಖೆ ಹೊಣೆಯಾಗಿ, ಎಲ್ಲವೂ ಸೇರಿ ಒಂದು ದೊಡ್ಡ ಕೋಷ್ಟಕವಾಯಿತು. ಆಗದ್ದಕ್ಕೆ ಕೆಂಪು, ಆಗುತ್ತಿರುವುದಕ್ಕೆ ಹಳದಿ, ಆದದ್ದಕ್ಕೆ ಹಸಿರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗುವುದು ಸುಲಭ. ಆದರೆ ಮುಂದಿನ ಕೋಟೆಗಾದರೂ ಬಾಗಿಲು ಬೇಕಲ್ಲ. ಅಧ್ಯಕ್ಷರಾದ ರೂಪರ್ಟ್ ಗ್ಯಾಸ್ಕಿನ್ ಸಜ್ಜನರು, ಮೃದುಭಾಷಿಗಳು, ಆದರೆ ಹಸಿರು ಬಣ್ಣದ ಮೇಲೆ ಅವರಿಗೆ ತೋಟಗಾರನಿಗಿರುವಷ್ಟು ಮೋಹ. ತಿಂಗಳು ತಿಂಗಳಿಗೆ ಕೋಷ್ಟಕ ಹಸಿರಾಗುತ್ತ ಬಂತು. ಹೆಸ್ಟರ್ ತಲೆಯೆತ್ತಿ 'ಹೌದಾ? ಯಾರು ನೋಡಿದ್ರು?' ಎಂದಾಗಲೆಲ್ಲ ಮೇಜಿನ ಸುತ್ತ ಕುಳಿತವರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ, ತಮ್ಮ ತಮ್ಮ ಕಾಗದಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಉತ್ತರಕ್ಕಾಗಿ ಅವರು ಕಾಯುತ್ತಲೂ ಇರಲಿಲ್ಲ. ಸಿರಿಲ್‌ರಂಥವರನ್ನು ಕಂಡರೆ ಯಾರಿಗೆ ತಿಳಿಸಬೇಕೆಂಬ ಸೂಚನಾಪತ್ರವನ್ನು ಎಲ್ಲ ಠಾಣೆಗಳಲ್ಲೂ ಅಂಟಿಸಿದ್ದೇವೆಂದು ಪೊಲೀಸರು ಹೇಳಿದ ವಾರವೇ, ಕಳೆದುಹೋದ ಛತ್ರಿಯ ನೆಪದಲ್ಲಿ ಠಾಣೆಗೆ ಹೋಗಿ, ಸೂಚನಾಪತ್ರ ಕೋಟು ತೂಗುಹಾಕುವ ಗೂಟದ ಹಿಂದಿರುವುದನ್ನು ಕಂಡುಬಂದರು. ಆಸ್ಪತ್ರೆಯ ಎಲ್ಲ ನರ್ಸುಗಳಿಗೂ ತರಬೇತಿಯಾಯಿತೆಂದಾಗ, ಆಸ್ಪತ್ರೆಯ ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಮುಂದಿದ್ದವಳನ್ನು ಮಾತಿಗೆಳೆದರು. 'ಓ ಅದಾ' ಎಂದಳಂತೆ ಅವಳು, 'ಕಂಪ್ಯೂಟರಲ್ಲಿ ಇಪ್ಪತ್ತು ನಿಮಿಷ. ಸ್ಯಾಂಡ್‌ವಿಚ್ ತಿಂತಾ ಮುಗಿಸ್ದೆ. ಸರಿ ಉತ್ತರ ಬರೋವರೆಗೂ ಒತ್ತುತಾ ಇರಬಹುದು.' ಹೀಗೆಂದು ಎಲ್ಲವೂ ಟೊಳ್ಳೆಂದೇನೂ ಅಲ್ಲ. ಬಾಡಿಗೆ ಮನೆಗಳ ಸಂಘದವರು ತಮ್ಮ ನಲ್ಲಿ ರಿಪೇರಿಯವರಿಗೂ, ಮನೆಯೊಳಗೆ ಏನಾದರೂ ಸರಿಯಿಲ್ಲವೆನಿಸಿದರೆ ಯಾರಿಗೆ ಹೇಳಬೇಕೆಂದು ಕಲಿಸಿದ್ದೇವೆ ಎಂದಾಗ, ಅದೇ ಸಂಘದ ಮನೆಯಲ್ಲಿದ್ದ ಹೆಸ್ಟರ್ ತಮ್ಮ ಅಡುಗೆಮನೆಯ ನಲ್ಲಿಯನ್ನು ತಾವೇ ಕೆಡಿಸಿಕೊಂಡು ಕಾದರು. ಬಂದ ರಿಪೇರಿಯವನು ನಲ್ಲಿ ಬಿಗಿಮಾಡಿ, ಏಳುವ ಮೊದಲು ಸುತ್ತ ನೋಡಿ, 'ಅಮ್ಮಾ, ಒಲೆ ಹಚ್ಚಿ ಎಷ್ಟು ದಿನ ಆಯ್ತು? ತಣ್ಣಗಿದೆ' ಎಂದು ಕೇಳಿದನಂತೆ. ಮುಂದಿನ ಸಭೆಯಲ್ಲಿ ಹೆಸ್ಟರ್ 'ಸರಿ ತೂಕ' ಎಂದರು. ಸಂಘದ ಪ್ರತಿನಿಧಿ ಕಿವಿಯವರೆಗೆ ಕೆಂಪಾದರು; ನಾನದನ್ನು ನಡಾವಳಿಯಲ್ಲಿ ಬರೆದೆ.

ಅಕ್ಟೋಬರಿನ ಸಭೆಯಲ್ಲಿ ಇಡೀ ಯೋಜನೆ ಪೂರ್ಣಗೊಂಡಿತೆಂದು ಸಹಿ ಬೀಳಬೇಕಿತ್ತು. ಉಳಿದದ್ದು ಒಂದೇ ಶಿಫಾರಸು, ಸಿರಿಲ್ ಸಾವಿನ ಹೃದಯದಂಥದು: ವ್ಯಕ್ತಿಯನ್ನು ಕಣ್ಣಾರೆ ಕಾಣದೆ ಯಾವ ಕಡತವನ್ನೂ ಮುಚ್ಚಕೂಡದು. ಪೌರಸಭೆಯ ಹಿರಿಯ ಸಮಾಜಕಾರ್ಯಕರ್ತೆ ಫಿಲಿಪಾ ಡ್ರೂರಿ, ಕಣ್ಣ ಕೆಳಗೆ ದಣಿವಿನ ನೆರಳಿರುವ, ಸುಳ್ಳು ಹೇಳಲು ಬಾರದ ಹೆಂಗಸು, ಎದ್ದುನಿಂತು ವರದಿ ಓದಿದರು. ಕಂಪ್ಯೂಟರಿನಲ್ಲಿ ಹೊಸದೊಂದು ಚೌಕ ಸೇರಿಸಲಾಗಿದೆ: ವ್ಯಕ್ತಿಯನ್ನು ನೋಡಲಾಗಿದೆಯೇ? ಹೌದು ಎಂದು ಗುರುತು ಹಾಕದೆ ಯಂತ್ರ ಕಡತವನ್ನು ಮುಚ್ಚಲು ಬಿಡುವುದೇ ಇಲ್ಲ. ಆರು ತಿಂಗಳಲ್ಲಿ ಮುಚ್ಚಿದ ಕಡತ ಇನ್ನೂರ ಹನ್ನೆರಡು. ನೋಡಲಾದವರು ಇನ್ನೂರ ಹನ್ನೆರಡು. ನೂರಕ್ಕೆ ನೂರು.

ಗ್ಯಾಸ್ಕಿನ್ ಪೆನ್ನಿನ ಮುಚ್ಚಳ ತೆಗೆದರು. ಹೆಸ್ಟರ್ ವರದಿಯ ಹಾಳೆಯನ್ನು ಅಂಗೈಯಲ್ಲಿಟ್ಟು ಆಡಿಸುತ್ತಿದ್ದರು.

'ಮೂವತ್ತೊಂದು ವರ್ಷ ತೂಗಿದ್ದೀನಿ' ಎಂದರು. 'ಪ್ರಾಮಾಣಿಕನ ತಕ್ಕಡಿ ಒಂದು ಕೂದಲು ಆ ಕಡೆ, ಒಂದು ಕೂದಲು ಈ ಕಡೆ ಇದ್ದೇ ಇರುತ್ತೆ. ಪ್ರತಿ ಸಲಾನೂ ಮುಳ್ಳು ನೆಟ್ಟಗೆ ನಿಲ್ಲೋದು ಯಾರ ಅಂಗಡೀಲಿ ಗೊತ್ತಾ? ಬೆರಳು ಒತ್ತಿ ಹಿಡಿದಿರ್ತಾನಲ್ಲ, ಅವನ ಅಂಗಡೀಲಿ.'

'ಹೆಸ್ಟರ್, ಇಲ್ಲಿ ಯಾರೂ ಮೋಸ ಮಾಡ್ತಿಲ್ಲ' ಎಂದರು ಗ್ಯಾಸ್ಕಿನ್.

'ಮೋಸ ಅಂತ ನಾನೆಲ್ಲಿ ಅಂದೆ? ನೋಡಿದವರು ಯಾರು ಅಂತ ಕೇಳ್ತಿದ್ದೀನಿ. ಹೌದು ಅಂದ್ರೇನೇ ಬಾಗಿಲು ತೆಗೆಯುತ್ತೆ ಅಂದ್ರೆ, ಹೊರಗೆ ಹೋಗಬೇಕಾದವರು ಹೌದು ಅಂತಾರಪ್ಪ. ಫಿಲಿಪಾ, ಒಂದು ಕೆಲಸ ಮಾಡಮ್ಮ. ಮೂಟೆಯ ಮೇಲಿಂದೂ ಬೇಡ, ತಳದ್ದೂ ಬೇಡ. ನೂರ ನಲವತ್ಮೂರನೇದು ತೆಗಿ. ಹೆಸರು ನನಗೆ ಹೇಳ್ಬೇಡ. ಯಾರು ನೋಡಿದ್ರು ಅಂತ ಅಷ್ಟೇ ಹೇಳು.'

ಫಿಲಿಪಾ ಕಂಪ್ಯೂಟರಿನ ತೆರೆಯ ಮೇಲೆ ಬಹಳ ಹೊತ್ತು ಓದಿದರು. ಅವರ ಕುತ್ತಿಗೆಯ ಮೇಲೆ ಕೆಂಪು ಏರುತ್ತಿದ್ದುದನ್ನು ನಾನು ಕಂಡೆ. ಕೊನೆಗೆ, ತಗ್ಗಿದ ದನಿಯಲ್ಲಿ ಹೇಳಿದರು: 'ಗ್ಯಾಸ್ ತಪಾಸಣೆಗೆ ಬಂದವರು... ಕಿಟಕಿಯ ಪರದೆ ಅಲ್ಲಾಡಿದ್ದು ನೋಡಿದ್ದಾರೆ. ಅದನ್ನ ಫೋನಲ್ಲಿ ಹೇಳಿದ್ದಾರೆ. ನಮ್ಮವರು ಹೌದು ಅಂತ ಹಾಕಿದ್ದಾರೆ.'

'ಯಾವಾಗ?'

'ಮೂರು ವಾರ ಆಯ್ತು.'

ಗ್ಯಾಸ್ಕಿನ್ ನನ್ನ ಕಡೆ ತಿರುಗಿ, ಇದನ್ನು ಗಮನಿಸಲಾಯಿತು ಎಂದು ಬರೆದುಕೊಂಡರೆ ಸಾಕಲ್ಲವೇ ಎಂದರು. ಹೆಸ್ಟರ್ ನನ್ನ ಪೆನ್ನನ್ನು ನೋಡಿದರು. ಎಷ್ಟು ವರ್ಷಗಳಿಂದ ಎಷ್ಟು ವಿಷಯಗಳನ್ನು ನಾನು ಆ ಒಂದು ಪದದ ಕೆಳಗೆ ಹೂತಿದ್ದೆನೆಂದು ನನಗೆ ಆ ಕ್ಷಣ ಹೊಳೆದು ನಾಚಿಕೆಯಾಯಿತು. ಅಷ್ಟರಲ್ಲಿ ಫಿಲಿಪಾ ಕೋಟು ಹಾಕಿಕೊಳ್ಳುತ್ತಿದ್ದರು. 'ಇಲ್ಲಿಂದ ಹತ್ತು ನಿಮಿಷದ ದಾರಿ. ಊಟದ ಹೊತ್ತಲ್ಲಿ ಹೋಗಿ ಬಂದ್ಬಿಡ್ತೀನಿ.'

ಊಟದ ಹೊತ್ತು ಮುಗಿಯಿತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಹೆಸ್ಟರ್ ಮುಂದಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ ಹಾಗೆಯೇ ಇತ್ತು. ಅವರು ಅದನ್ನು ತೂಗಿಯೂ ನೋಡಿರಲಿಲ್ಲ. ಆಮೇಲೆ ಗ್ಯಾಸ್ಕಿನ್ ಅವರಿಗೆ ಫಿಲಿಪಾ ಅವರ ಫೋನು ಬಂತು. ಅವರು ಅದನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

ಆ ನೂರ ನಲವತ್ತಮೂರನೆಯ ಕಡತದ ಹೆಂಗಸನ್ನು ಇಲ್ಲಿ ಡೋರೀನ್ ಎಂದು ಕರೆಯೋಣ, ನಿಜವಾದ ಹೆಸರು ಬೇಡ. ಫಿಲಿಪಾ ಬಾಗಿಲು ತಟ್ಟಿದಾಗ ಒಳಗಿನಿಂದ ಬಂದ ಉತ್ತರ, 'ನಾನು ಚೆನ್ನಾಗಿದ್ದೀನಿ ಕಣಮ್ಮ, ಹೋಗಿ ಬಾ.' ಫಿಲಿಪಾ ಹೋಗಲಿಲ್ಲ. ಪತ್ರ ಹಾಕುವ ಸಂದಿಯ ಮುಂದೆ ಮಂಡಿಯೂರಿ, 'ಮುಖ ಒಂದು ತೋರಿಸಿಬಿಡಮ್ಮ, ಹೋಗ್ತೀನಿ' ಎಂದು ಹೇಳಿ, ಮಳೆಯಲ್ಲಿ ಇಪ್ಪತ್ತೈದು ನಿಮಿಷ ಅಲ್ಲೇ ಕುಳಿತು, ಸಂದಿಯಿಂದಲೇ ಹವಾಮಾನ, ಬೆಕ್ಕು, ತಮ್ಮ ಒದ್ದೆ ಷೂಗಳ ವಿಷಯವೆಲ್ಲ ಮಾತಾಡಿದರು. ಕೊನೆಗೆ ಸರಪಳಿಯ ಅಂತರದಷ್ಟು ಬಾಗಿಲು ತೆರೆಯಿತು. ಆಕೆಯ ಎರಡೂ ಪಾದಗಳು ಊದಿ ಚಪ್ಪಲಿಯ ಮೇಲೆ ಉಕ್ಕಿದ್ದವು. ಮನೆಮುಂದಿನ ಮೆಟ್ಟಿಲಿಳಿಯಲಾರದೆ ನಾಲ್ಕು ದಿನಗಳಿಂದ ಹಾಲಿಲ್ಲದ ಚಹಾದಲ್ಲೇ ಇದ್ದರು. 'ಆಂಬುಲೆನ್ಸ್ ಬಂತು, ಈಗ ಕರ್ಕೊಂಡು ಹೋಗ್ತಿದ್ದಾರೆ' ಎಂದಿತು ಫೋನಿನ ದನಿ. 'ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟ ಇತ್ತಂತೆ.'

ಹೆಸ್ಟರ್ ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಗೆದ್ದವರ ಬೆನ್ನಲ್ಲ ಅದು. 'ಮುಖ ತೋರಿಸಿ ಅಂತ ಅಂದ್ಲಂತೆ' ಎಂದರು, ಗಾಜಿಗೆ ಹೇಳುವಂತೆ. 'ಅಷ್ಟೇ ಅನ್ಬೇಕಿತ್ತು ಸಿರಿಲ್‌ಗೆ.' ಅವರ ಬಲಗೈ ಪಕ್ಕದಲ್ಲಿ ಖಾಲಿಯಾಗಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿತು. ಗ್ಯಾಸ್ಕಿನ್ ಅವರಿಗೆ ನ್ಯಾಯ ಸಲ್ಲಬೇಕು: ಯಾರೂ ಹೇಳದೆ ತಾವೇ ಕೋಷ್ಟಕವನ್ನು ತೆರೆದು, ಆ ಹಸಿರು ಸಾಲನ್ನು ಕೆಂಪು ಮಾಡಿ, ಪೆನ್ನಿಗೆ ಮುಚ್ಚಳ ಹಾಕಿದರು.

ಗುರುತು ಹಾಕಿದವರ ತಲೆ ತೆಗೆಯಬೇಕೆಂದು ಕೆಲವರು ಹೊರಟಾಗ ಅಡ್ಡ ನಿಂತವರೂ ಹೆಸ್ಟರೇ. ಆ ಕಾರ್ಯಕರ್ತೆಯ ಕೈಯಲ್ಲಿ ಐವತ್ತೆರಡು ಕಡತಗಳಿದ್ದವು. 'ಅಷ್ಟು ಹೇರಿದ್ರೆ ಕತ್ತೇನೂ ಹೌದು ಅನ್ನುತ್ತೆ' ಎಂದು ಅವರು ವಾದಿಸಿದ್ದು, ಹೆಚ್ಚಿಗೆ ಇಬ್ಬರನ್ನು ನೇಮಿಸುವವರೆಗೆ ಗ್ಯಾಸ್ಕಿನ್ ಅವರ ಬೆನ್ನು ಬಿಡದಿದ್ದುದು ನನ್ನ ನಡಾವಳಿಯಲ್ಲಿದೆ. ಚೌಕವನ್ನು ತೆಗೆಸಿದರು. ಅದರ ಜಾಗದಲ್ಲಿ ಒಂದು ಖಾಲಿ ಗೆರೆ ಬಂತು: ಆ ವ್ಯಕ್ತಿ ಏನೆಂದರು? ಅವರ ಬಾಯಿಂದ ಬಂದ ಒಂದು ಮಾತನ್ನು, ಬಂದ ಹಾಗೆಯೇ, ನೋಡಿದವರ ಹೆಸರಿನೊಡನೆ ಬರೆಯಬೇಕು. ಎಲ್ಲರಿಗೂ ಸಮಾಧಾನವಾಯಿತು, ಹೆಸ್ಟರ್‌ಗೆ ಬಿಟ್ಟು. ಅವರು ನಾಲ್ಕು ತಿಂಗಳು ಸುಮ್ಮನಿದ್ದು, ಹೆಸರುಗಳನ್ನು ಅಳಿಸಿದ ಆ ಗೆರೆಗಳ ಪಟ್ಟಿ ತರಿಸಿಕೊಂಡು ಓದಿ, ಹನ್ನೊಂದು ಬೇರೆ ಬೇರೆ ಜನ ಒಂದು ಅಕ್ಷರವೂ ವ್ಯತ್ಯಾಸವಿಲ್ಲದೆ 'ಸದ್ಯಕ್ಕೆ ತೃಪ್ತಿಕರವಾಗಿದ್ದೇನೆ' ಎಂದಿರುವುದನ್ನು ಸಭೆಯ ಮುಂದಿಟ್ಟರು. 'ನಮ್ಮ ಬೀದೀಲಿ ಸತ್ರೂ ಯಾರ ಬಾಯಲ್ಲೂ ತೃಪ್ತಿಕರ ಅಂತ ಬರಲ್ಲ' ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮಲ್ಲಿ ಗಾದೆ, ಅವರಲ್ಲಿ ದಿನಚರಿ. ಆ ಹನ್ನೊಂದು ಮನೆಗಳಿಗೂ ಫಿಲಿಪಾ ಮತ್ತೆ ಜನ ಕಳಿಸಿದರು.

ಕಳೆದ ಮಾರ್ಚಿನಲ್ಲಿ ಹೆಸ್ಟರ್ ತಮ್ಮ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಹೆಸರಲ್ಲೂ ಒಂದು ಕಡತ ತೆರೆಯಿತು. ನೋಡಲು ಬಂದವರು ಡೆನ್ಜಿಲ್ ಓಕ್ಸ್, ಹೊಸದಾಗಿ ಸೇರಿದ ಕಾರ್ಯಕರ್ತ, ಐವತ್ತು ದಾಟಿದ ಮನುಷ್ಯ, ಅದಕ್ಕೆ ಮೊದಲು ಬಸ್ಸು ಓಡಿಸುತ್ತಿದ್ದವರು. ಅವರು ಬಂದುಹೋದ ಮೂರನೆಯ ದಿನವೇ ಹೆಸ್ಟರ್ ಪೌರಸಭೆಗೆ ಪತ್ರ ಬರೆದು, ಕಾನೂನಿನ ಪ್ರಕಾರ ತಮ್ಮ ಕಡತದ ಒಂದು ಪ್ರತಿಯನ್ನು ತಮಗೆ ಕೊಡಬೇಕೆಂದು ಒತ್ತಾಯಿಸಿದರು. ಅದು ಅಂಚೆಯಲ್ಲಿ ಬಂದ ದಿನ ನಾನು ನೋಡಲು ಹೋಗಿದ್ದೆ. ಕೋಟು ಬಾಗಿಲ ಹಿಂದೆ ತೂಗಾಡುತ್ತಿತ್ತು. ಎರಡು ಊರುಗೋಲುಗಳ ನಡುವೆ ಕುಳಿತಿದ್ದ ಅವರು ಲಕೋಟೆಯನ್ನು ಅಂಗೈಯಲ್ಲಿಟ್ಟು ಆಡಿಸಿದರು, ಒಡೆದರು, ಓದಿದರು, ಅನಂತರ ನನ್ನ ಕಡೆ ಚಾಚಿದರು.

'ಆ ವ್ಯಕ್ತಿ ಏನೆಂದರು' ಎಂಬ ಗೆರೆಯ ಮೇಲೆ ಡೆನ್ಜಿಲ್ ಹೀಗೆ ಬರೆದಿದ್ದರು: 'ನಾನು ಚೆನ್ನಾಗಿದ್ದೀನಿ ಅಂತ ಹೇಳ್ತೀನಿ, ಎಲ್ಲರೂ ಹೇಳ್ತಾರೆ. ನನ್ನ ಮಾತು ನಂಬಬೇಡಪ್ಪ, ಫ್ರಿಜ್ ತೆಗೆದು ನೋಡು.' ಅದರ ಕೆಳಗೆ: ತೆಗೆದು ನೋಡಿದೆ. ಅರ್ಧ ಈರುಳ್ಳಿ, ಸಾಸಿವೆಯ ಸೀಸೆ. ಹಾಲಿಲ್ಲ. ಹಾಲು, ರೊಟ್ಟಿ, ಮೊಟ್ಟೆ ತಂದುಕೊಟ್ಟೆ. ನಾಳೆಯಿಂದ ದಿನಾ ಬೆಳಿಗ್ಗೆ ಒಬ್ಬರು ಬರುತ್ತಾರೆ. ಬಂದರೋ ಇಲ್ಲವೋ ಎಂದು ಗುರುವಾರ ನಾನೇ ಹೋಗಿ ನೋಡುತ್ತೇನೆ.

'ಬಂದಿದ್ದರಾ, ಗುರುವಾರ?' ಎಂದು ಕೇಳಿದೆ.

'ಬಂದಿದ್ದ. ಮತ್ತೆ ಫ್ರಿಜ್ ತೆಗೆದ, ಕೇಳದೇನೇ.' ಅವರು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಮಡಚಿದರು. ಕಣ್ಣು ಒದ್ದೆಯಾಗಿದ್ದುದನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ. 'ಸರಿ ತೂಕ' ಎಂದರು.

ಊರಿಗೊಬ್ಬರಂತೆ ಇಂಥವರು ಇರುತ್ತಾರೆ. ಸಂಶಯದ ಪಿಶಾಚಿಗಳೆಂದು ಅವರನ್ನು ಕರೆಯುತ್ತೇವೆ, ಮದುವೆಮನೆಯಲ್ಲಿ ಅವರ ಪಕ್ಕದ ಕುರ್ಚಿ ತಪ್ಪಿಸಿ ಕೂರುತ್ತೇವೆ, ಅವರು ಬಾಯಿ ತೆರೆದರೆ ಗಡಿಯಾರ ನೋಡಿಕೊಳ್ಳುತ್ತೇವೆ. ನಂಬಿಕೆಯನ್ನು ದೊಡ್ಡ ಗುಣವೆಂದು ಹೊಗಳಿಕೊಳ್ಳುವ ನಾವು, ಹತ್ತರಲ್ಲಿ ಎಂಟು ಸಲ ಎದ್ದು ಹೋಗಿ ನೋಡುವ ಶ್ರಮ ತಪ್ಪಲೆಂದೇ ನಂಬುತ್ತೇವೆ. ಚೆನ್ನಾಗಿದ್ದೇನೆ ಎಂದವರನ್ನು ನಂಬುವುದು ನಮಗೆ ಅನುಕೂಲ, ಅವರಿಗಲ್ಲ. ಹೆಸ್ಟರ್‌ರಂಥವರು ಯಾರ ಮಾತನ್ನೂ ನಂಬುವುದಿಲ್ಲ, ಅದಕ್ಕೇ ಅವರು ಬಾಗಿಲವರೆಗೆ ನಡೆದುಹೋಗುತ್ತಾರೆ. ಅವರ ಮನೆಯಿಂದ ಹಿಂದಿರುಗುವಾಗ ನಾನು ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ನಿಂತೆ. ಅಲ್ಲಿ ಒಬ್ಬ ಮುದುಕರಿದ್ದಾರೆ, ಆರು ವರ್ಷಗಳಿಂದ ಬಾಗಿಲಾಚೆಯಿಂದಲೇ ನನಗೆ ಶುಭದಿನ ಹೇಳುತ್ತಾರೆ. ತಟ್ಟಿದೆ. ಚೆನ್ನಾಗಿದ್ದೇನೆ ಎಂದರು. ಮುಖ ತೋರಿಸಿ ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತುಕೊಂಡೆ.